ಬಾಡಿಗೆ ಕಿಟಕಿಗೆ ಮೇಕಪ್!

ಗಾಂಧಿನಗರಕ್ಕೆ ಹತ್ತಿರ ಅಂತ ಹಿಡಿದ ನನ್ನ ರೂಮಿನಲ್ಲಿ ಒಂದು ಕಿಟಕಿ ಇದೆ. ತೆಗೆದರೆ ಕಾಣೋದು ಬೀದಿಯಲ್ಲ, ನನ್ನದೇ ಬಚ್ಚಲುಮನೆ! ಒಂದು ಕಾಲಕ್ಕೆ ಅದು ಹೊರಗೋಡೆ. ಆಮೇಲೆ ಓನರ್ ಹಿಂದುಗಡೆ ಬಚ್ಚಲು ಕಟ್ಟಿಸಿದರು. ಕಿಟಕಿ ತುಕ್ಕು ಸರಳುಗಳ ಸಮೇತ ಒಳಗೇ ಉಳಿಯಿತು. ಬೆಂಗಳೂರಿನ ಹಳೇ ವಠಾರಗಳಲ್ಲಿ ಇಂಥ 'ವಿಲನ್' ಕಿಟಕಿಗಳು ಬೇಕಾದಷ್ಟಿವೆ.

ಮೊಳೆ ಹೊಡೆದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ತಾರೆ. ಅದಕ್ಕೇ ಸ್ಟುಡಿಯೋ ಟ್ರಿಕ್ ಹಿಡಿದೆ. ಸೆಟ್ಟಿನ ಕಿಟಕಿಯಾಚೆ ನಿಜವಾದ ಆಕಾಶ ಇರುತ್ತದೆಯೇ ಸ್ವಾಮಿ? ಬಣ್ಣದ ಪರದೆ, ಅದಕ್ಕೊಂದು ಲೈಟು, ಅಷ್ಟೇ! ನಾನೂ ಸರಳಿಗೆ ದಾರ ಕಟ್ಟಿ ಬಿಳೀ ಪಂಚೆ ಇಳಿಬಿಟ್ಟೆ. ಬಚ್ಚಲ ದೀಪ ಹಾಕಿದರೆ ರೂಮಿಗೆಲ್ಲ ಬೆಳದಿಂಗಳು! ಪೋಸ್ಟರೇ ಬೇಕೆನ್ನುವವರು ರಟ್ಟಿಗೆ ಅಂಟಿಸಿ ತೂಗುಹಾಕಿ.

ಆದರೆ ಅಭಿಮಾನಿ ಮಿತ್ರರೇ, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಮೇಕಪ್ ಆಮೇಲೆ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಕಿಟಕಿ ಮುಚ್ಚಿದರೆ ವಿಷ ಬಚ್ಚಲಲ್ಲಿ, ತೆರೆದರೆ ನೀವು ಮಲಗುವ ರೂಮಿನಲ್ಲಿ! ಗೀಸರನ್ನು ಮನೆಯ ಹೊರಗೆ, ಗಾಳಿಯಾಡುವ ಕಡೆ ಇಡಿಸಿ ಅಂತ ಓನರ್ ಹತ್ತಿರ ಪಟ್ಟು ಹಿಡಿಯಿರಿ. ಬಾಡಿಗೆ ಕೊಡೋರು ನೀವು, ಸಂಕೋಚ ಯಾಕೆ?

ಸೆಟ್ಟಿನಲ್ಲಿ ಸತ್ತವನು 'ಕಟ್' ಅಂದ ಕೂಡಲೇ ಎದ್ದು ಟೀ ಕುಡೀತಾನೆ. ಇಲ್ಲಿ 'ಕಟ್' ಹೇಳೋರು ಯಾರು?