ಗಣಕಯಂತ್ರವೂ ಉಪಾಧ್ಯಾಯರೂ

ಶಾಲೆಗೆ ಯಂತ್ರವನ್ನು ತರಿಸುವುದು ಸುಲಭ. ಆ ಯಂತ್ರವನ್ನು ವಿದ್ಯೆಯ ಸಾಧನವನ್ನಾಗಿ ಮಾಡಬಲ್ಲ ಉಪಾಧ್ಯಾಯರನ್ನು ಸಿದ್ಧಪಡಿಸುವುದು ಕಷ್ಟ. ಮೊದಲನೆಯದಕ್ಕೆ ಬೊಕ್ಕಸದ ಹಣವೂ ಒಂದು ಟೆಂಡರೂ ಸಾಕು. ಎರಡನೆಯದಕ್ಕೆ ಕಾಲ ಬೇಕು, ತಾಳ್ಮೆ ಬೇಕು, ಉಪಾಧ್ಯಾಯರ ಬುದ್ಧಿಶಕ್ತಿಯಲ್ಲಿ ನಂಬಿಕೆ ಬೇಕು. ನಮ್ಮ ದೇಶದಲ್ಲಿ ಕಳೆದ ನಾಲ್ಕು ದಶಕಗಳಿಂದ ಮೊದಲನೆಯ ಕಾರ್ಯವು ಉತ್ಸಾಹದಿಂದಲೂ ಎರಡನೆಯದು ಔದಾಸೀನ್ಯದಿಂದಲೂ ನಡೆದುಬಂದಿವೆ. ಇದರ ಫಲವನ್ನು ಅನೇಕ ಊರುಗಳ ಶಾಲೆಗಳಲ್ಲಿ ಕಣ್ಣಾರೆ ಕಾಣಬಹುದು: ಬೀಗ ಹಾಕಿದ ಕಂಪ್ಯೂಟರ್ ಕೊಠಡಿ, ಕೆಟ್ಟುನಿಂತ ಬ್ಯಾಟರಿಗಳು, ಹೊದಿಕೆ ಹೊದ್ದು ಮಲಗಿದ ಪ್ರೊಜೆಕ್ಟರು. ಇದಕ್ಕೆಲ್ಲ ಉಪಾಧ್ಯಾಯರ ಆಲಸ್ಯವೇ ಕಾರಣವೆಂದು ಹೇಳುವುದು ಪಟ್ಟಣದ ಗೃಹಸ್ಥರಲ್ಲಿ ವಾಡಿಕೆಯಾಗಿದೆ. ಈ ಅಪವಾದವು ಎಷ್ಟರಮಟ್ಟಿಗೆ ನ್ಯಾಯವಾದುದೆಂದು ವಿಚಾರಮಾಡುವುದು ಅವಶ್ಯವಾಗಿದೆ.

ಪೂರ್ವವೃತ್ತಾಂತವನ್ನು ಸ್ವಲ್ಪ ನೋಡೋಣ. ಭಾರತ ಸರಕಾರವು ೧೯೮೪ರಲ್ಲಿ ಶಾಲೆಗಳಿಗೆ ಗಣಕಯಂತ್ರವನ್ನು ಪರಿಚಯಿಸುವ ‘ಕ್ಲಾಸ್’ ಎಂಬ ಪ್ರಯೋಗವನ್ನು ಆರಂಭಿಸಿದಾಗ ಇಂಗ್ಲೆಂಡಿನಿಂದ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ತರಿಸಲಾಯಿತು. ೨೦೦೪ರಲ್ಲಿ ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನವನ್ನು ಒದಗಿಸುವ ಕೇಂದ್ರದ ಯೋಜನೆಯೂ, ಅದಕ್ಕೂ ಮುಂಚೆ ನಮ್ಮ ರಾಜ್ಯದಲ್ಲಿ ‘ಮಾಹಿತಿ ಸಿಂಧು’ ಯೋಜನೆಯೂ ಬಂದವು. ಈ ಬಗೆಯ ಯೋಜನೆಗಳಲ್ಲಿ ಗುತ್ತಿಗೆ ಹಿಡಿದ ಕಂಪನಿಯೇ ಯಂತ್ರವನ್ನೂ ಅದನ್ನು ಕಲಿಸುವವರನ್ನೂ ಒದಗಿಸುವುದು ಪದ್ಧತಿಯಾಯಿತು. ಗಣಿತ ಹೇಳುವವರು ಗಣಿತವನ್ನೂ ವಿಜ್ಞಾನ ಹೇಳುವವರು ವಿಜ್ಞಾನವನ್ನೂ ಹಿಂದಿನಂತೆಯೇ ಹೇಳುತ್ತಿದ್ದರು. ಕಂಪ್ಯೂಟರ್ ಎಂಬುದು ಬೇರೊಂದು ಕೊಠಡಿಯಲ್ಲಿ, ಬೇರೊಬ್ಬರಿಂದ, ಬೇರೊಂದು ವಿದ್ಯೆಯಾಗಿ ಹೇಳಲ್ಪಡುತ್ತಿತ್ತು. ಗುತ್ತಿಗೆಯ ಅವಧಿ ಮುಗಿದೊಡನೆ ಕಲಿಸುವವರು ಹೋದರು, ಯಂತ್ರಗಳು ಉಳಿದವು. ಮನೆಯವರಿಗೆ ಬಳಕೆ ತಿಳಿಸದೆ ಬಾವಿಗೆ ಪಂಪು ಹೂಡಿ ಹೋದಂತಾಯಿತು. ಇದರಲ್ಲಿ ಉಪಾಧ್ಯಾಯರ ಆಲಸ್ಯವೆಲ್ಲಿಂದ ಬಂತು?

ಈ ಉಪಾಧ್ಯಾಯರೇ ಕಷ್ಟಕಾಲದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ದೇಶವು ಕಂಡಿದೆ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದವು. ಯಾವ ಪೂರ್ವಸಿದ್ಧತೆಯೂ ಇಲ್ಲದಿದ್ದ ಸಾವಿರಾರು ಮಂದಿ ತಮ್ಮ ಸ್ವಂತ ಮೊಬೈಲಿನಲ್ಲಿ, ಸ್ವಂತ ಖರ್ಚಿನಲ್ಲಿ ಪಾಠ ಹೇಳಲು ತೊಡಗಿದರು. ಧ್ವನಿಯನ್ನು ಮುದ್ರಿಸುವುದು, ಚಿತ್ರವನ್ನು ಕಳುಹಿಸುವುದು, ವಿಡಿಯೋ ತಯಾರಿಸುವುದು, ಇವೆಲ್ಲವನ್ನೂ ಒಬ್ಬರಿಂದೊಬ್ಬರು ಕೇಳಿ ಕಲಿತರು. ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಗುಡಿಯ ಜಗುಲಿ, ಮರದ ನೆರಳುಗಳಲ್ಲಿಯೂ ಪಾಠಗಳು ನಡೆದವು. ಆದರೂ ಯಂತ್ರದ ಮಿತಿ ಏನೆಂಬುದು ಆಗಲೇ ಗೊತ್ತಾಯಿತು. ‘ಅಸರ್’ ಸಮೀಕ್ಷೆಯ ೨೦೨೦ರ ವರದಿಯ ಪ್ರಕಾರ ಗ್ರಾಮೀಣ ಭಾರತದ ವಿದ್ಯಾರ್ಥಿಗಳ ಮನೆಗಳಲ್ಲಿ ಶೇಕಡ ೬೦ಕ್ಕಿಂತ ಹೆಚ್ಚು ಕಡೆ ಸ್ಮಾರ್ಟ್‌ಫೋನ್ ಇದ್ದಿತು. ಆದರೆ ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಏನಾದರೂ ಪಾಠಸಾಮಗ್ರಿ ಬಂದು ಸೇರಿದ್ದು ಸುಮಾರು ಮೂವರು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ. ಮನೆಗೆ ಯಂತ್ರ ಬಂದೊಡನೆ ವಿದ್ಯೆಯೂ ಬಂದಂತಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಸರಕಾರವು ಸುಮ್ಮನೆ ಕುಳಿತಿದೆಯೆಂದು ನಾವು ಹೇಳುವುದಿಲ್ಲ. ೨೦೧೭ರ ಶಿಕ್ಷಕರ ದಿನದಂದು ‘ದೀಕ್ಷಾ’ ಎಂಬ ರಾಷ್ಟ್ರೀಯ ಜಾಲವೇದಿಕೆಯು ಉದ್ಘಾಟನೆಯಾಯಿತು. ೨೦೧೯ರಲ್ಲಿ ಸುಮಾರು ೪೨ ಲಕ್ಷ ಉಪಾಧ್ಯಾಯರನ್ನು ಗುರಿಯಾಗಿಟ್ಟುಕೊಂಡು ‘ನಿಷ್ಠಾ’ ತರಬೇತಿಯು ಆರಂಭವಾಗಿ, ಮರುವರ್ಷ ಅದೇ ವೇದಿಕೆಯ ಮೂಲಕ ನಡೆಯತೊಡಗಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯರೂ ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ಕಾಲ ತಮ್ಮ ವೃತ್ತಿಯ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. ಉದ್ದೇಶವು ಸ್ತುತ್ಯವಾದುದು. ಆದರೆ ಉದ್ದೇಶವು ಆಚರಣೆಗೆ ಬರುವಾಗ ಏನಾಗುತ್ತದೆ? ದಿನದ ಪಾಠಗಳೂ ಬಿಸಿಯೂಟದ ಲೆಕ್ಕವೂ ಮುಗಿದ ಮೇಲೆ, ರಾತ್ರಿ ಊಟವಾದ ತರುವಾಯ, ಉಪಾಧ್ಯಾಯರು ಮೊಬೈಲಿನ ಮುಂದೆ ಕುಳಿತು ವಿಡಿಯೋವನ್ನು ಓಡಿಸಿ, ಪ್ರಶ್ನೆಗಳಿಗೆ ಗುರುತು ಹಾಕಿ, ಪ್ರಮಾಣಪತ್ರವನ್ನು ಇಳಿಸಿಕೊಳ್ಳಬೇಕು. ಎಷ್ಟು ಮಂದಿ ಮುಗಿಸಿದರೆಂಬ ಅಂಕಿ ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಏರಿಹೋಗುತ್ತದೆ. ಮರುದಿನದ ಪಾಠವು ಒಂದಿಷ್ಟಾದರೂ ಬದಲಾಯಿತೇ ಎಂಬುದನ್ನು ಕೇಳುವ ನಮೂನೆ ಮಾತ್ರ ಆ ಕಡತದಲ್ಲಿಲ್ಲ. ಪ್ರಮಾಣಪತ್ರವು ಕಲಿಕೆಯ ಗುರುತಾಗಬೇಕಾಗಿದ್ದುದು ಕಲಿಕೆಗೆ ಬದಲಾಗಿ ನಿಂತಿದೆ.

ಹಾಗಾದರೆ ಉಪಾಧ್ಯಾಯರು ಕಲಿಯಬೇಕಾದುದೇನು? ಗುಂಡಿ ಒತ್ತುವುದನ್ನೇ? ಅದನ್ನು ಹತ್ತು ವರ್ಷದ ಬಾಲಕನೂ ಬಲ್ಲ. ಅಮೆರಿಕದ ಶಿಕ್ಷಣವೇತ್ತ ಲೀ ಶುಲ್ಮನ್ ಅವರು ೧೯೮೬ರಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಮಂಡಿಸಿದರು: ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಕಲಿಸಲಾರರು, ಯಾವ ವಿಷಯವು ಯಾವ ಮಗುವಿಗೆ ಎಲ್ಲಿ ತೊಡಕಾಗುತ್ತದೆಂಬ ಅರಿವು ಉಪಾಧ್ಯಾಯರಿಗೇ ವಿಶಿಷ್ಟವಾದ ಜ್ಞಾನ. ೨೦೦೬ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಎಂಬ ವಿದ್ವಾಂಸರು ಇದಕ್ಕೆ ಯಂತ್ರೋಪಕರಣಗಳ ಜ್ಞಾನವನ್ನೂ ಸೇರಿಸಿ, ಈ ಮೂರೂ ಒಂದುಗೂಡಿದಲ್ಲಿ ಮಾತ್ರ ತಂತ್ರಜ್ಞಾನವು ತರಗತಿಗೆ ಉಪಯುಕ್ತವಾಗುವುದೆಂದು ತೋರಿಸಿದರು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು.

ತ್ರಿಭುಜದ ಮೂರು ಕೋನಗಳ ಮೊತ್ತ ೧೮೦ ಡಿಗ್ರಿಯೆಂಬುದು ನಮ್ಮೆಲ್ಲರಿಗೂ ಶಾಲೆಯಲ್ಲಿ ಬಾಯಿಪಾಠವಾದ ಸಂಗತಿ. ಕಪ್ಪುಹಲಗೆಯ ಮೇಲೆ ಒಂದು ತ್ರಿಭುಜವನ್ನು ಬರೆಯಬಹುದು, ಹೆಚ್ಚೆಂದರೆ ಎರಡು. ಆಸ್ಟ್ರಿಯ ದೇಶದ ಮಾರ್ಕುಸ್ ಹೋಹನ್‌ವಾರ್ಟರ್ ಅವರು ಈ ಶತಮಾನದ ಆರಂಭದಲ್ಲಿ ನಿರ್ಮಿಸಿದ ‘ಜಿಯೋಜೀಬ್ರಾ’ ಎಂಬ ಸಾಧನದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದರೆ ಕ್ಷಣಮಾತ್ರದಲ್ಲಿ ನೂರಾರು ತ್ರಿಭುಜಗಳು ಕಣ್ಣೆದುರು ಹಾದುಹೋಗುತ್ತವೆ. ಕೋನಗಳು ಹಿಗ್ಗಿ ಕುಗ್ಗಿದರೂ ಮೊತ್ತವು ಕದಲುವುದಿಲ್ಲ. ಮಕ್ಕಳಿಗೆ ಆನಂದವಾಗುತ್ತದೆ. ಪಾಠವು ಇಲ್ಲಿಗೆ ಮುಗಿಯಿತೆಂದು ಭಾವಿಸುವವರು ಯಂತ್ರವನ್ನು ಮಾತ್ರ ಕಲಿತವರು. ನಿಜವಾದ ಪಾಠವು ಇಲ್ಲಿಂದ ಮೊದಲಾಗುತ್ತದೆ. ಕೋನಗಳನ್ನು ಪೂರ್ಣ ಡಿಗ್ರಿಗಳಲ್ಲಿ ಮಾತ್ರ ತೋರಿಸುವಂತೆ ಏರ್ಪಡಿಸಿದ್ದರೆ ಪರದೆಯ ಮೇಲೆ ಒಮ್ಮೆ ೬೦, ೬೦, ೫೯ ಎಂದು ಕಾಣಿಸಿಕೊಳ್ಳಬಹುದು. ಚುರುಕಾದ ಹುಡುಗಿಯೊಬ್ಬಳು ಕೂಡಿಸಿ ನೋಡಿ, ‘ಮೊತ್ತ ೧೭೯ ಆಯಿತಲ್ಲ!’ ಎನ್ನುತ್ತಾಳೆ. ಆಗ ಉಪಾಧ್ಯಾಯರು ಏನು ಹೇಳಬೇಕು? ಯಂತ್ರ ಕೆಟ್ಟಿದೆಯೆಂದೇ? ಅಥವಾ ನಿಜವಾದ ಕೋನಗಳು ೬೦.೪, ೬೦.೪, ೫೯.೨ ಆಗಿರಬಹುದೆಂದೂ, ಯಂತ್ರವು ದಶಮಾಂಶವನ್ನು ಬಿಟ್ಟು ತೋರಿಸಿದೆಯೆಂದೂ ವಿವರಿಸಿ, ಆ ನೆಪದಿಂದ ಅಂದಾಜಿನ ಪಾಠವನ್ನೂ ಹೇಳಬೇಕೇ? ಅದಾದ ಮೇಲೆ ಇನ್ನೂ ದೊಡ್ಡದೊಂದು ಪ್ರಶ್ನೆಯಿದೆ. ನೂರು ತ್ರಿಭುಜಗಳಲ್ಲಿ ಕಂಡದ್ದು ಸಕಲ ತ್ರಿಭುಜಗಳಿಗೂ ಸಲ್ಲುವುದೆಂಬುದಕ್ಕೆ ಆಧಾರವೇನು? ಇದನ್ನು ಕೇಳಿ, ಶೃಂಗದ ಮೂಲಕ ಪಾದಕ್ಕೆ ಸಮಾನಾಂತರವಾದ ಒಂದು ರೇಖೆಯನ್ನೆಳೆದು, ಪರ್ಯಾಯ ಕೋನಗಳನ್ನು ತೋರಿಸಿ, ಕಾಣುವುದಕ್ಕೂ ಸಾಧಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮನಗಾಣಿಸಬಲ್ಲವರೇ ಉಪಾಧ್ಯಾಯರು. ಈ ಸಾಮರ್ಥ್ಯವು ಎರಡು ದಿನಗಳ ಶಿಬಿರದಿಂದಾಗಲಿ ಅರ್ಧ ಗಂಟೆಯ ವಿಡಿಯೋದಿಂದಾಗಲಿ ಬರತಕ್ಕದ್ದಲ್ಲ. ಒಂದು ಪಾಠವನ್ನು ಮಾಡಿ, ಎಡವಿ, ಅದೇ ವಿಷಯವನ್ನು ಹೇಳುವ ಬೇರೆ ಶಾಲೆಯವರೊಡನೆ ಚರ್ಚಿಸಿ, ಮತ್ತೊಮ್ಮೆ ಮಾಡಿದಾಗಲೇ ಅದು ಕೈಗೂಡುವುದು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಪೆರು ದೇಶವು ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪುಗಳನ್ನು ಹಂಚಿತು. ೨೦೧೨ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೇಳಿಕೊಳ್ಳತಕ್ಕ ಪ್ರಗತಿ ಕಾಣಲಿಲ್ಲ. ಶಾಲೆಗಳ ಗಣಕಯಂತ್ರಕ್ಕಾಗಿ ಅಪಾರ ಹಣ ಸುರಿದ ರಾಷ್ಟ್ರಗಳಲ್ಲಿಯೂ ಓದು, ಗಣಿತ, ವಿಜ್ಞಾನಗಳಲ್ಲಿ ಗಮನಾರ್ಹವಾದ ಸುಧಾರಣೆ ಆಗಿಲ್ಲವೆಂದು ೨೦೧೫ರಲ್ಲಿ ಒ.ಇ.ಸಿ.ಡಿ. ಸಂಸ್ಥೆಯು ವರದಿಮಾಡಿತು. ಉಪಾಧ್ಯಾಯರ ಈ ಬಗೆಯ ಸಾಮರ್ಥ್ಯಕ್ಕೆ ನಿಶ್ಚಿತವಾದ ಮಾನದಂಡವಿರುವುದು ಜಗತ್ತಿನ ಅರ್ಧದಷ್ಟು ದೇಶಗಳಲ್ಲಿ ಮಾತ್ರವೆಂದು ಯುನೆಸ್ಕೋ ಸಂಸ್ಥೆಯ ೨೦೨೩ರ ವರದಿಯು ತಿಳಿಸುತ್ತದೆ.

ಇದಕ್ಕೆ ಪ್ರತಿಯಾಗಿ ನೆರೆಯ ಕೇರಳವನ್ನು ನೋಡಬಹುದು. ಅಲ್ಲಿ ೨೦೦೧ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ೨೦೧೭ರಲ್ಲಿ ‘ಕೈಟ್’ ಎಂಬ ಸರಕಾರೀ ಸಂಸ್ಥೆಯಾಯಿತು. ತರಬೇತಿ ಕೊಡತಕ್ಕವರನ್ನು ಉಪಾಧ್ಯಾಯರೊಳಗಿನಿಂದಲೇ ಆರಿಸಿದ್ದೂ, ಕಂಪನಿಯ ಪರವಾನಗಿಗೆ ಕಟ್ಟುಬೀಳದೆ ಸ್ವತಂತ್ರ ತಂತ್ರಾಂಶವನ್ನು ಅವಲಂಬಿಸಿದ್ದೂ ಅದರ ವಿಶೇಷ. ಕೃತಕ ಬುದ್ಧಿಮತ್ತೆಯ ಕಾಲ ಬಂದಾಗಲೂ ಅದು ಕೈಕಟ್ಟಿ ಕುಳಿತುಕೊಳ್ಳದೆ, ೨೦೨೪ರ ಮೇ ತಿಂಗಳಿನಿಂದ ಸುಮಾರು ೮೦ ಸಾವಿರ ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾರ್ಯಕ್ಕೆ ತೊಡಗಿತು. ನಮ್ಮ ರಾಜ್ಯವೂ ಇಂಥ ಬೀಜವನ್ನು ಬಿತ್ತದೆ ಇಲ್ಲ. ೨೦೧೧ರ ಸುಮಾರಿಗೆ ರೂಪುಗೊಂಡ ‘ವಿಷಯ ಶಿಕ್ಷಕರ ವೇದಿಕೆ’ಯೂ, ಅದರ ಬೆನ್ನಿಗೆ ಉಪಾಧ್ಯಾಯರೇ ಪಾಠಸಾಮಗ್ರಿಯನ್ನು ರಚಿಸಿ ಎಲ್ಲರಿಗೂ ಮುಕ್ತವಾಗಿ ಒದಗಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಗಳೂ ಆ ಮಾರ್ಗದವೇ. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಉಪಾಧ್ಯಾಯರು ತಮ್ಮತಮ್ಮೊಳಗೆ ಪ್ರಶ್ನೆ ಕೇಳಿ ಉತ್ತರ ಹೇಳಿಕೊಂಡ ಆ ಪ್ರಯತ್ನವು ಹೊರಗಿನಿಂದ ಹೇರಿದ ತರಬೇತಿಗಿಂತ ಜೀವಂತವಾಗಿದ್ದಿತು. ಒಳ್ಳೆಯದನ್ನು ಆರಂಭಿಸುವುದು ನಮಗೆ ಗೊತ್ತು. ಅದನ್ನು ಹತ್ತು ಬೇಸಿಗೆ ನೀರೆರೆದು ಉಳಿಸಿಕೊಳ್ಳುವುದು ಗೊತ್ತಿಲ್ಲ.

ಭಾಷೆಯ ಪ್ರಶ್ನೆಯೂ ಇದರೊಳಗೆ ಸೇರಿದೆ. ಕೆ. ಪಿ. ರಾಯರು ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆಯನ್ನು ಕೊಟ್ಟರು. ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಹಳೆಯ ಫಾಂಟುಗಳಲ್ಲಿ ಬರೆದ ಪ್ರಶ್ನೆಪತ್ರಿಕೆಯನ್ನು ಇನ್ನೊಂದು ಯಂತ್ರದಲ್ಲಿ ತೆರೆದಾಗ ಅಕ್ಷರಗಳೆಲ್ಲ ಕಲಸಿ ಗೋಜಲಾಗುವ ಸಂಕಟವನ್ನು ಅನುಭವಿಸದ ಕನ್ನಡ ಉಪಾಧ್ಯಾಯರು ವಿರಳ. ಯೂನಿಕೋಡಿನಲ್ಲಿ ಬರೆಯುವುದನ್ನು ಕಲಿಸುವುದಕ್ಕೆ ಒಂದು ದಿನ ಸಾಕು. ಅದರಿಂದ ಬೀದರಿನಲ್ಲಿ ಸಿದ್ಧವಾದ ಪಾಠವನ್ನು ಚಾಮರಾಜನಗರದಲ್ಲಿ ತಿದ್ದಿ ಉಪಯೋಗಿಸಬಹುದು. ಇಂಗ್ಲಿಷಿನಲ್ಲಿ ತಯಾರಾದ ವಿಡಿಯೋಗಳಿಗೆ ಕನ್ನಡದ ಧ್ವನಿಯನ್ನು ಅಂಟಿಸುವುದರಿಂದ ಕನ್ನಡದ ಪಾಠವಾಗುವುದಿಲ್ಲ. ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಕಟ್ಟಿದರೆಂದರೆ, ಅದಕ್ಕೆ ಕನ್ನಡ ಬಲ್ಲ ಉಪಾಧ್ಯಾಯರನ್ನು ತಯಾರಿಸುವ ನಾರ್ಮಲ್ ಶಾಲೆಯ ಕೆಲಸವೂ ಜೊತೆಗಿದ್ದಿತು. ಆ ಪಾಠವನ್ನು ನಾವು ಮರೆಯತಕ್ಕದ್ದಲ್ಲ. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತು ಕೈಕಸಬಿನ ಮೂಲಕ ವಿದ್ಯೆಯನ್ನು ಹೇಳಬೇಕೆಂದು ನಿಶ್ಚಯಿಸಿದಾಗ, ಜಾಕಿರ್ ಹುಸೇನರ ಸಮಿತಿಯು ಉಪಾಧ್ಯಾಯರ ತರಬೇತಿಯನ್ನು ಆ ಯೋಜನೆಯ ಅಂಗವನ್ನಾಗಿಯೇ ಮಾಡಿತು. ಚರಕವನ್ನು ಕೊಟ್ಟು ಗಣಿತವನ್ನು ನಿರೀಕ್ಷಿಸಿದರೆ ನೂಲಷ್ಟೇ ಬರುವುದೆಂದು ಅವರಿಗೆ ಗೊತ್ತಿದ್ದಿತು.

ಇನ್ನು ಕೆಲವರು, ಕೃತಕ ಬುದ್ಧಿಮತ್ತೆಯೇ ಬಂದಿರುವಾಗ ಉಪಾಧ್ಯಾಯರ ಕಲಿಕೆಗಾಗಿ ಇಷ್ಟು ಶ್ರಮವೇಕೆಂದು ಕೇಳಬಹುದು. ಅಂಥ ಯಂತ್ರವು ತಪ್ಪನ್ನೂ ಒಪ್ಪಿನಷ್ಟೇ ಗಾಂಭೀರ್ಯದಿಂದ ಹೇಳುತ್ತದೆ. ಅದರ ಉತ್ತರದಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವವರು ತರಗತಿಯಲ್ಲಿಲ್ಲದಿದ್ದರೆ ಮಕ್ಕಳ ಗತಿಯೇನು? ಯಂತ್ರವು ಜಾಣವಾದಷ್ಟೂ ಉಪಾಧ್ಯಾಯರು ಇನ್ನೂ ಜಾಣರಾಗಿರಬೇಕಾಗುತ್ತದೆ.

ಆದಕಾರಣ ಅಧಿಕಾರವರ್ಗದವರ ಮುಂದೆ ನಮ್ಮ ಸೂಚನೆಗಳನ್ನು ಸಂಕ್ಷೇಪವಾಗಿ ಇಡುತ್ತೇವೆ. ಮೊದಲನೆಯದಾಗಿ, ನೀತಿಯಲ್ಲಿ ಹೇಳಿದ ೫೦ ಗಂಟೆಗಳನ್ನು ಶಾಲೆಯ ವೇಳೆಯೊಳಗೇ ಕೊಡಬೇಕು. ರಾತ್ರಿಯ ನಿದ್ರೆಯಿಂದ ಕಸಿದುಕೊಳ್ಳಬಾರದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೭ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕಾರ್ಯಕ್ಕೆ ಉಪಾಧ್ಯಾಯರನ್ನು ತೊಡಗಿಸಕೂಡದೆನ್ನುತ್ತದೆ. ಅಂಕಿ ಅಂಶಗಳನ್ನು ಯಂತ್ರಕ್ಕೆ ತುಂಬುವುದರಲ್ಲಿಯೇ ಅವರ ಗಣಕಜ್ಞಾನವೆಲ್ಲ ವ್ಯಯವಾಗುವುದಾದರೆ ಆ ಕಲಮಿನ ಆತ್ಮವೇ ಹೋದಂತೆ. ಎರಡನೆಯದಾಗಿ, ತರಬೇತಿಯು ವಿಷಯವಾರು ನಡೆಯಬೇಕು. ಒಂದೇ ವಿಷಯದ ಉಪಾಧ್ಯಾಯರು ತಿಂಗಳಿಗೊಮ್ಮೆ ಸೇರಿ, ತಾವು ಮಾಡಿದ ಪಾಠವನ್ನು ಮುಂದಿಟ್ಟು ಚರ್ಚಿಸಬೇಕು. ಮೂರನೆಯದಾಗಿ, ಇದಕ್ಕೆ ಮಾರ್ಗದರ್ಶನ ಮಾಡತಕ್ಕ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳನ್ನು ಸಮರ್ಥರಿಂದ ತುಂಬಬೇಕು. ನಾಲ್ಕನೆಯದಾಗಿ, ಯಂತ್ರ ಕೊಳ್ಳುವ ಪ್ರತಿಯೊಂದು ಮಂಜೂರಾತಿಯಲ್ಲಿಯೂ ಉಪಾಧ್ಯಾಯರ ಕಲಿಕೆಗೂ ಯಂತ್ರದ ದುರಸ್ತಿಗೂ ನಿಶ್ಚಿತ ಭಾಗವನ್ನು ತೆಗೆದಿಡಬೇಕು. ಅದಿಲ್ಲದ ಮಂಜೂರಾತಿಗೆ ಸಹಿ ಬೀಳಬಾರದು. ಕೊನೆಯದಾಗಿ, ಪ್ರಮಾಣಪತ್ರಗಳನ್ನು ಎಣಿಸುವುದನ್ನು ಬಿಟ್ಟು, ಮೇಲಧಿಕಾರಿಗಳು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡಬೇಕು.

ಈ ಕಾರ್ಯದಲ್ಲಿ ನಾಗರಿಕರ ಪಾತ್ರವೂ ಇಲ್ಲದಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು, ಶಾಲೆಗೆ ಟಿ.ವಿ.ಯನ್ನೋ ಗಣಕಯಂತ್ರವನ್ನೋ ದಾನ ಮಾಡುವ ಮಹನೀಯರು, ಯಂತ್ರದ ಮೇಲೆ ತಮ್ಮ ಹೆಸರನ್ನು ಬರೆಯಿಸುವುದಕ್ಕೆ ಮೊದಲು ‘ಇದನ್ನು ಉಪಯೋಗಿಸಲು ತಮಗೆ ಏನು ಬೇಕು?’ ಎಂದು ಉಪಾಧ್ಯಾಯರನ್ನು ಒಂದು ಮಾತು ಕೇಳಿದರೆ ಸಾಕು. ಸ್ಥಿತಿವಂತರ ಮಕ್ಕಳಿಗೆ ಮನೆಯಲ್ಲಿ ಯಂತ್ರವೂ ಇದೆ, ತಿಳಿಸಿಕೊಡುವವರೂ ಇದ್ದಾರೆ. ಬಡವರ ಮಗುವಿಗೆ ಸರಕಾರಿ ಶಾಲೆಯ ಉಪಾಧ್ಯಾಯರೊಬ್ಬರೇ ದಿಕ್ಕು. ಅವರನ್ನು ಅರೆಬರೆ ಕಲಿಕೆಯಲ್ಲಿ ಬಿಟ್ಟರೆ ಈ ಹೊಸ ವಿದ್ಯೆಯೂ ಹಳೆಯ ಅಂತರವನ್ನೇ ಹೆಚ್ಚಿಸೀತು. ಯಂತ್ರಕ್ಕೆ ಹಣ ಕೊಡುವಷ್ಟೇ ಧಾರಾಳವಾಗಿ ಉಪಾಧ್ಯಾಯರಿಗೆ ಕಾಲವನ್ನು ಕೊಡುವ ಸರಕಾರವೇ ಈ ಕಾರ್ಯದಲ್ಲಿ ಪ್ರಾಮಾಣಿಕವಾಗಿದೆಯೆಂದು ಜನರು ನಂಬುವರು.