ಮೇಲಿನವರ ಬೋನಸ್ಸಿಗೆ ಕಾರ್ಮಿಕರ ಮುಪ್ಪು ಬಲಿ

ತಿಂಗಳಿಗೆ 1,250 ರೂಪಾಯಿ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕದ ಘಾಟು ಕುಡಿದು ದುಡಿಯುವ ಔರಾದ ತಾಲ್ಲೂಕಿನ ಕಾರ್ಮಿಕನ ಮುಪ್ಪಿಗಾಗಿ ಕಂಪನಿಯೊಂದು ಪಿಂಚಣಿ ನಿಧಿಗೆ ಕಟ್ಟಲೇಬೇಕಾದ ಗರಿಷ್ಠ ಮೊತ್ತ ಇಷ್ಟೇ. 2014ರ ಸೆಪ್ಟೆಂಬರಿನಲ್ಲಿ ಈ ವಂತಿಗೆಯ ಲೆಕ್ಕಕ್ಕೆ ಹಿಡಿಯುವ ವೇತನ ಮಿತಿ 15,000 ರೂಪಾಯಿ ಎಂದು ನಿಗದಿಯಾಯಿತು. ಅದರ ಶೇ 8.33ರಷ್ಟು ಹಣ ಇದು. ಹತ್ತು ವರ್ಷ ಕಳೆದರೂ ಒಂದು ರೂಪಾಯಿ ಏರಲಿಲ್ಲ.

ಮಿತಿ ಏರಿಸುವ ಮಾತು ಬಂದಾಗಲೆಲ್ಲ ‘ಉದ್ಯಮಕ್ಕೆ ಹೊರೆ’ ಎಂಬ ಕೂಗು ಏಳುತ್ತದೆ. ಯಾವ ಹೊರೆ? ಇನ್ಫೊಸಿಸ್ ಮುಖ್ಯಸ್ಥ ಸಲೀಲ್ ಪಾರೇಖ್ ಅವರಿಗೆ 2024–25ರಲ್ಲಿ ಸಂದದ್ದು 80.62 ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ಷೇರು ಮತ್ತು ಸಾಧನೆ ಆಧರಿಸಿದ ಪ್ರೋತ್ಸಾಹಧನ. ತಿಂಗಳಿಗೆ 1,250ರ ಲೆಕ್ಕ ಹಿಡಿದರೆ 53 ಸಾವಿರಕ್ಕೂ ಹೆಚ್ಚು ಕಾರ್ಮಿಕರ ಇಡೀ ವರ್ಷದ ಪಿಂಚಣಿ ವಂತಿಗೆ ಆ ಒಂದೇ ಮೊತ್ತದಲ್ಲಿ ಮುಗಿಯುತ್ತದೆ. ಒಬ್ಬರಿಗೆ ಕೊಡುವಾಗ ಅದು ಪ್ರತಿಭೆಗೆ ಸಂದ ಬೆಲೆ, 53 ಸಾವಿರ ಜನರಿಗೆ ಕೊಡುವಾಗ ಹೊರೆ. ಈ ನ್ಯಾಯವನ್ನು ಒಪ್ಪಲಾಗದು.

ರೋಗದ ಬೇರು ಇರುವುದು ಪ್ರೋತ್ಸಾಹಧನದಲ್ಲೇ. ಲಾಭ ಮತ್ತು ಷೇರು ಬೆಲೆ ಏರಿದಷ್ಟೂ ಮೇಲಿನವರ ಗಳಿಕೆ ಏರುತ್ತದೆ. ಕಾರ್ಮಿಕರ ಪಿಂಚಣಿಗೆ ಕಟ್ಟಿದ ಪ್ರತಿ ರೂಪಾಯಿ ಆ ಲಾಭದಿಂದ ಕಳೆಯುತ್ತದೆ. ಹೀಗಾಗಿ ಮೂಲವೇತನವನ್ನು ಕುಗ್ಗಿಸಿ ಉಳಿದದ್ದನ್ನು ‘ವಿಶೇಷ ಭತ್ಯೆ’ ಎಂದು ಕರೆಯುವ ಚಾಳಿ ಬೆಳೆಯಿತು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಎಲ್ಲರಿಗೂ ಸಮನಾಗಿ ಕೊಡುವ ಭತ್ಯೆಯೂ ಭವಿಷ್ಯ ನಿಧಿಯ (ಪಿಎಫ್) ಲೆಕ್ಕಕ್ಕೆ ಸೇರಬೇಕು ಎಂದು ಹೇಳಬೇಕಾಯಿತು. ಇನ್ನು ಸಿಟಿಸಿ (ಕಾಸ್ಟ್ ಟು ಕಂಪನಿ) ಎಂಬುದೊಂದಿದೆ. ಕಂಪನಿಯ ಪಾಲಿನ ಪಿಎಫ್ ಹಣವನ್ನೂ ಕಾರ್ಮಿಕನ ಸಂಬಳದ ಲೆಕ್ಕಕ್ಕೇ ಸೇರಿಸಿ ತೋರಿಸುವ ಪದ್ಧತಿ. ಕೊಡುವವರು ಕಂಪನಿಯವರು ಎಂಬುದು ಕಾಗದದ ಮಾತಷ್ಟೇ.

ಈ ರೋಗ ನಮ್ಮಲ್ಲಷ್ಟೇ ಇಲ್ಲ. ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ 2018ರ ಜನವರಿಯಲ್ಲಿ ಮುಳುಗಿದಾಗ ಸುಮಾರು 27,000 ಜನರ ಪಿಂಚಣಿ ಅತಂತ್ರವಾಯಿತು. ಮುಳುಗುವ ಹಿಂದಿನ ವರ್ಷದ ನಡುವಿನವರೆಗೂ ಡಿವಿಡೆಂಡ್ ಹಂಚಿಕೆ ನಡೆದಿತ್ತು, ಬೋನಸ್ ಹಿಂಪಡೆಯುವ ನಿಯಮವನ್ನೂ ಸಡಿಲಿಸಲಾಗಿತ್ತು. ಪಿಂಚಣಿಗೆ ಹಾಕುವ ಹಣ ದಂಡ ಎಂಬುದು ಹಣಕಾಸು ನಿರ್ದೇಶಕರ ಧೋರಣೆಯಾಗಿತ್ತು ಎಂಬ ಆರೋಪವನ್ನು ಅಲ್ಲಿನ ಸಂಸದೀಯ ಸಮಿತಿಗಳೇ ದಾಖಲಿಸಿದವು.

ಇತ್ತ ಭಾಲ್ಕಿ, ಔರಾದಿನ ಹುಡುಗರು ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಗುತ್ತಿಗೆದಾರ ಬದಲಾದಂತೆ ಪಿಎಫ್ ಖಾತೆಯೂ ಬದಲಾಗುತ್ತದೆ. ಹಳೆಯ ಖಾತೆಯನ್ನು ಹೊಸದಕ್ಕೆ ಜೋಡಿಸಿಕೊಡುವವರಿಲ್ಲದೆ, ಮನೆಯ ಅಡಚಣೆಗೆ ಆ ಹಣವನ್ನೂ ತೆಗೆದುಬಿಡುತ್ತಾರೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ತುಂಬುವುದೇ ಇಲ್ಲ. ಸಂವಿಧಾನದ 371(ಜೆ) ವಿಧಿ ಬಂದು ಸರ್ಕಾರಿ ನೌಕರಿಯಲ್ಲಿ ಈ ಭಾಗಕ್ಕೆ ಮೀಸಲಾತಿ ಸಿಕ್ಕಿತು, ಸರಿ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆ ಚೀಟಿ ಹಿಡಿದು ನಿಂತವನಿಗೆ ಅದರಿಂದ ಏನೂ ದಕ್ಕಲಿಲ್ಲ. ಕಲ್ಯಾಣ ಕರ್ನಾಟಕ ಎಂದರೆ ಅಗ್ಗದ ಕೂಲಿ ಸಿಗುವ ಸೀಮೆ ಎಂಬ ಎಣಿಕೆ ಇನ್ನೂ ಅಳಿದಿಲ್ಲ.

ಮೂವತ್ತು ವರ್ಷ ಒಂದೇ ಕಡೆ ದುಡಿದವನಿಗೂ, 15,000ರ ಮಿತಿಯ ಲೆಕ್ಕದಲ್ಲಿ, ತಿಂಗಳ ಪಿಂಚಣಿ 7,000 ಮುಟ್ಟುವುದಿಲ್ಲ. ತುಟ್ಟಿಭತ್ಯೆಯೂ ಇಲ್ಲ. ಕನಿಷ್ಠ ಪಿಂಚಣಿಯನ್ನು 3,000 ಮಾಡಿ ಎಂದು ರಾಜ್ಯಸಭೆಯ ಕೋಶಿಯಾರಿ ಸಮಿತಿ 2013ರಲ್ಲೇ ಹೇಳಿತ್ತು. ಮರುವರ್ಷ ಸರ್ಕಾರ ಕೊಟ್ಟದ್ದು 1,000.

ಬೀದರಿನಿಂದ ಆರಿಸಿ ಹೋದವರು ಸಂಸತ್ತಿನಲ್ಲಿ ಈ ಬೇಡಿಕೆ ಇಡಬೇಕು: ಕಾರ್ಮಿಕರ ಪಿಎಫ್ ಬಾಕಿ ಉಳಿಸಿಕೊಂಡ ಯಾವ ಕಂಪನಿಯ ಮುಖ್ಯಸ್ಥರಿಗೂ ಬೋನಸ್ ಸಲ್ಲಕೂಡದು, ವೇತನ ಮಿತಿ ಬೆಲೆಯೇರಿಕೆಯೊಂದಿಗೆ ತಾನಾಗಿ ಏರಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಔರಾದಿನ ಮತದಾರರು ಮೊದಲು ಇದನ್ನೇ ಕೇಳಲಿ.