ಮಕ್ಕಳ ಮಂಗಲಕಾರ್ಯದ ಕರೆಯೋಲೆ

ಹುಬ್ಬಳ್ಳಿ ತಾಲೂಕಿನ ಸುಳ್ಳ ಗ್ರಾಮದಲ್ಲಿ ನಮ್ಮ ಆಪ್ತರೊಬ್ಬರ ಮನೆಯ ತೊಟ್ಟಿಲ ಕಾರ್ಯವು ಕೆಲವು ವರ್ಷಗಳ ಹಿಂದೆ ಜರುಗಿತು. ಕರೆಯೋಲೆಯಲ್ಲಿ ದಿನವು ರವಿವಾರವೆಂದೂ ತಾರೀಖು 14 ಎಂದೂ ಅಚ್ಚಾಗಿದ್ದಿತು. ಆ ರವಿವಾರದ ತಾರೀಖಾದರೋ 13. ಊರವರು ವಾರವನ್ನು ನಂಬಿ ನೆರೆದರು. ಪುಣೆಯಲ್ಲಿ ನೌಕರಿಯಲ್ಲಿದ್ದ ಕೂಸಿನ ಸೋದರತ್ತೆಯು ತಾರೀಖನ್ನು ನಂಬಿ ರಜೆ ಪಡೆದಿದ್ದಳು. ಹೊತ್ತು ಏರಿದರೂ ಆಕೆ ಬಾರದಿರಲು ಫೋನು ಮಾಡಿ ಕೇಳಿದರೆ, ಅವಳಿನ್ನೂ ಪುಣೆಯಲ್ಲಿಯೇ ಇದ್ದಾಳೆ! ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರಬೇಕಾದವಳು ಸೋದರತ್ತೆ; ಬೆನ್ನಿಗೆ ಗುದ್ದು ತಿಂದು ಎಲ್ಲರನ್ನೂ ನಗಿಸಬೇಕಾದವಳೂ ಅವಳೇ. ಆ ಕೆಲಸವನ್ನು ನೆರೆಮನೆಯ ಗೃಹಿಣಿಯೊಬ್ಬರು ಮಾಡಿದರು. ಮರುದಿನ ಬೆಳಿಗ್ಗೆ ಕುಲಾವಿ, ಕುಂಚಿಗೆಗಳ ಗಂಟಿನೊಡನೆ ಬಂದಿಳಿದ ಸೋದರತ್ತೆಯು ಉಳಿದ ಗುಗ್ಗರಿಯನ್ನು ಕೈಯಲ್ಲಿ ಹಿಡಿದು, “ಹೆಸರಿಡೋದು ಆಗೇ ಹೋತಲ್ಲ ವೈನಿ, ನಾ ಬರೇ ನೋಡ್ಲಿಕ್ಕ ಬಂದ್ಹಂಗಾತು” ಎಂದಳು. ಬೈದಿದ್ದರೆ ಒಳಿತಾಗುತ್ತಿತ್ತೆಂದು ಕೂಸಿನ ತಾಯಿ ನಮ್ಮೆದುರು ಈಗಲೂ ಹೇಳುವುದುಂಟು.

ಇಂತಹ ತಪ್ಪುಗಳು ಲಗ್ನಪತ್ರಿಕೆಗಳಿಗಿಂತ ಮಕ್ಕಳ ಕರೆಯೋಲೆಗಳಲ್ಲಿಯೇ ಹೆಚ್ಚು. ಲಗ್ನಕ್ಕೆ ತಿಂಗಳುಗಟ್ಟಲೆ ಸಿದ್ಧತೆಯಿರುತ್ತದೆ, ಹತ್ತು ಜನ ಹಿರಿಯರು ಕರಡನ್ನು ಓದುತ್ತಾರೆ. ತೊಟ್ಟಿಲ ಕಾರ್ಯವು ಹಲವರಲ್ಲಿ ಹನ್ನೆರಡನೆಯ ಇಲ್ಲವೆ ಹದಿಮೂರನೆಯ ದಿನವೇ ಆಗತಕ್ಕದ್ದು. ಬಾಣಂತಿಯ ಆರೈಕೆಯ ನಡುವೆ ಯಾರೋ ಒಬ್ಬರು ಅವಸರದಲ್ಲಿ ಗೀಚಿದ್ದೇ ಅಚ್ಚಿಗೆ ಹೋಗುತ್ತದೆ. ಹೆಸರನ್ನು ಆ ದಿನವೇ ಇಡಬೇಕಾದುದರಿಂದ ಕರೆಯೋಲೆಯಲ್ಲಿ ಕೂಸಿನ ಹೆಸರಿರುವುದೂ ಇಲ್ಲ. ಆದುದರಿಂದ ತಂದೆತಾಯಿಗಳ ಹೆಸರನ್ನು, ಬೇಕಾದರೆ ಅಜ್ಜನ ಹೆಸರನ್ನು ಕೂಡಿಸಿ, ಗುರುತು ಹತ್ತುವಂತೆ ಬರೆಯತಕ್ಕದ್ದು. ‘ನಮ್ಮ ಮೊಮ್ಮಗನ ನಾಮಕರಣ’ ಎಂದಷ್ಟೇ ಬರೆದು ಕೆಳಗೆ ಮನೆತನದ ಹೆಸರಿಟ್ಟರೆ, ಮೂವರು ಸೊಸೆಯಂದಿರಿರುವ ಮನೆಯಲ್ಲಿ ಯಾರ ಮಗನೆಂದು ಬಂಧುಗಳು ಊಹಿಸಬೇಕೆ?

ವಾರ, ತಾರೀಖುಗಳನ್ನು ಬರೆದವರಲ್ಲದೆ ಇನ್ನೊಬ್ಬರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ತಾಳೆ ನೋಡಬೇಕು. ತಿಥಿಯನ್ನು ಬರೆಯುವುದು ಹಿರಿಯರಿಗೆ ಸಮಾಧಾನ, ಅದನ್ನು ಬಿಡಬೇಡಿರಿ. ಆದರೆ ಒಂದು ತೊಡಕುಂಟು. ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ನಾವು ಬಳಸುವ ತಾರೀಖಾದರೋ ನಡುರಾತ್ರಿ 12ಕ್ಕೇ ಬದಲಾಗುತ್ತದೆ. ಜವಳಕ್ಕೆಂದು ಮನೆದೇವರಿಗೆ ಹೊರಡುವ ಗಾಡಿಯು ‘ರವಿವಾರ ರಾತ್ರಿ 4 ಗಂಟೆಗೆ’ ಎಂದರೆ ಅಜ್ಜಿಗೆ ಒಂದು ದಿನ, ಮೊಮ್ಮಗನಿಗೆ ಇನ್ನೊಂದು ದಿನ. ‘ರವಿವಾರ ಕಳೆದು ಸೋಮವಾರ ಬೆಳಗಿನ 4 ಗಂಟೆ’ ಎಂದು ಬರೆದರೆ ಇಬ್ಬರಿಗೂ ಒಂದೇ.

ಸ್ಥಳದ ವಿಷಯವಾಗಿ ಸುಳ್ಳದವರು ವಿಶೇಷ ಎಚ್ಚರದಿಂದಿರಬೇಕು. ಒಂದು ಒತ್ತಕ್ಷರ ತಪ್ಪಿದರೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯವಾಗುತ್ತದೆ. ಒಂದು ಕೊಂಬು ಹೆಚ್ಚಾದರೆ ಕರೆಯೇ ಸುಳ್ಳು! ತಾಲೂಕು, ಜಿಲ್ಲೆಗಳ ಜೊತೆಗೆ, 1972ರಲ್ಲಿ ಬಳಕೆಗೆ ಬಂದ ಆರಂಕಿಯ ಪಿನ್ ಸಂಖ್ಯೆಯನ್ನೂ ಬರೆದರೆ ಅಂಚೆಯವರಿಗೂ ಅತಿಥಿಗಳಿಗೂ ಸಂಶಯವುಳಿಯದು. ಹುಬ್ಬಳ್ಳಿಯಲ್ಲಿ ಬಸ್ ನಿಲ್ದಾಣವು ಒಂದಲ್ಲವಾದುದರಿಂದ ಎಲ್ಲಿಂದ ಬಸ್ಸು ಹತ್ತಬೇಕೆಂಬುದನ್ನೂ, ಊರೊಳಗೆ ಅಗಸಿಯಿಂದಲೋ ಗುಡಿಯಿಂದಲೋ ಎಷ್ಟನೆಯ ಮನೆಯೆಂಬುದನ್ನೂ ತಿಳಿಸಿರಿ. ಮಳೆಗಾಲದಲ್ಲಿ ಎರೆಮಣ್ಣನ್ನು ತುಳಿಯುತ್ತ ಓಣಿಯಿಂದ ಓಣಿಗೆ ಅಲೆದವರಿಗೆ ಈ ಮಾತಿನ ಬೆಲೆ ಗೊತ್ತು.

ಹುಟ್ಟುಹಬ್ಬದ ಕರೆಯು ಈಗ ಬಹುಮಟ್ಟಿಗೆ ವಾಟ್ಸಾಪಿನಲ್ಲಿಯೇ ಹೋಗುತ್ತದೆ. ಬಲೂನು, ಗೊಂಬೆ, ಮಿನುಗುವ ಅಕ್ಷರಗಳ ಸಂದಣಿಯಲ್ಲಿ ವೇಳೆಯೇ ಕಾಣದಂತಿರುವ ಚಿತ್ರಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಅದರ ಕೆಳಗೆ ನಾಲ್ಕು ಸಾಲುಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯಲು ಏನಡ್ಡಿ? ಉದಾಹರಣೆಗೆ:

“ನಮ್ಮ ಮಗಳು ಚಿ. ಇಂಥವಳಿಗೆ ಐದು ವರ್ಷ ತುಂಬುವ ನಿಮಿತ್ತ 2027ನೆಯ ಇಸ್ವಿ ಮೇ 9, ರವಿವಾರ ಸಂಜೆ 5ರಿಂದ 7ರ ವರೆಗೆ ಸುಳ್ಳದ ನಮ್ಮ ಮನೆಯಲ್ಲಿ ಮಕ್ಕಳ ಕೂಟವಿದೆ. ತಮ್ಮ ಮಕ್ಕಳನ್ನು ಕಳುಹಿಸಿಕೊಡಬೇಕು. ತಾವೂ ಬಂದರೆ ಸಂತೋಷ. ತತ್ತಿಯಿಲ್ಲದ ಕೇಕು ಮತ್ತು ಉಪಾಹಾರವುಂಟು, ಊಟವಿಲ್ಲ. ಆಯೇರಿ ಬೇಡ. ಬರುವ ಮಕ್ಕಳೆಷ್ಟೆಂದು ಗುರುವಾರದೊಳಗೆ ತಿಳಿಸಿರಿ.”

‘ಊಟವಿಲ್ಲ’ ಎಂದು ಬರೆಯುವುದು ಅಮರ್ಯಾದೆಯೆಂದು ಕೆಲವರು ಅನ್ನುವರು. ಮನೆಯಲ್ಲಿ ಒಲೆ ಹಚ್ಚದೆ ಬಂದವರು ಹಸಿದು ಮರಳುವುದು ಯಾವ ಮರ್ಯಾದೆಯೋ ನಾವರಿಯೆವು. ಮುಗಿಯುವ ವೇಳೆಯನ್ನು ಬರೆಯುವುದೂ ಹೊರಗಟ್ಟಿದಂತಲ್ಲ. ಮಗುವನ್ನು ಕರೆದೊಯ್ಯಲು ತಂದೆ ಯಾವಾಗ ಬರಬೇಕೆಂಬುದು ಅವನಿಗೆ ತಿಳಿಯಬೇಡವೆ? ‘ಆಯೇರಿ ಬೇಡ’ ಎಂದವರು ಮಾತ್ರ, ಬಾಗಿಲಲ್ಲಿ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಬೇಡವೆನ್ನಬಾರದು. ಬರಿಗೈಯಲ್ಲಿ ಬಂದ ಮಗು ಅದನ್ನು ನೋಡುತ್ತ ನಿಂತಿರುತ್ತದೆ.

ಶಾಲೆಯಲ್ಲಿ ಹಂಚುವ ಚೀಟಿಗಳನ್ನು ತರಗತಿಯ ಎಲ್ಲರಿಗೂ ಕೊಡಿರಿ, ಇಲ್ಲವೆ ಶಾಲೆಗೆ ಒಯ್ಯಲೇಬೇಡಿರಿ.

ಇಷ್ಟೆಲ್ಲ ಬರೆದರೂ, ಯಾರಿಲ್ಲದೆ ಕಾರ್ಯವು ನಡೆಯದೋ ಅವರಿಗೆ ಬಾಯಿಂದಲೂ ದಿನವನ್ನು ಹೇಳಲೇಬೇಕು, “ಪತ್ರ ಮುಟ್ಟಿತೇ?” ಎಂದು ಕೇಳಿದರೆ ಸಾಲದು. ಸುಳ್ಳದ ಆ ಮನೆಯವರು ಅಂದು ಅಷ್ಟನ್ನೇ ಕೇಳಿದ್ದರು. ಎರಡನೆಯ ಕೂಸು ಹುಟ್ಟಿದಾಗ ಕರೆಯೋಲೆಯ ಕರಡು ಅಚ್ಚಿಗಿಂತ ಮೊದಲು ಪುಣೆಗೆ ಹೋಯಿತು. ಸೋದರತ್ತೆಯು ಅದರಲ್ಲಿ ಎರಡು ತಪ್ಪುಗಳನ್ನು ತಿದ್ದಿ ಕಳುಹಿಸಿ, ಕಾರ್ಯಕ್ಕೆ ಮೂರು ದಿನ ಮುಂಚೆಯೇ ಬಂದಿಳಿದಳು.